ಕರೆಯಲಾಗದ ಹೆಸರು

ಮಕ್ಕಳ ಹೆಸರಿನ ಫ್ಯಾಶನ್ ಬಗ್ಗೆ ಯಾರಾದರೂ ನಗುತ್ತ ಮಾತು ತೆಗೆದರೆ ನನ್ನ ಮೈ ಉರಿಯುತ್ತದೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಪ್ರತಿ ಜೂನ್ ತಿಂಗಳು ಹೊಸ ಹಾಜರಿ ಪುಸ್ತಕ ಬರೆಯುವಾಗ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದೇ ಬರುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಿಂದಗಿಯಲ್ಲಿ ಕೆಲಸಕ್ಕೆ ಸೇರಿದಾಗ ಬಸಪ್ಪ, ಮಲ್ಲಪ್ಪ, ಶಿವವ್ವ, ಗುರುಬಾಯಿ, ದಾವಲಸಾಬ, ಹುಸೇನಬಿ ಎಂದು ಬರೆಯುತ್ತಿದ್ದೆವು. ಒಂದೇ ತರಗತಿಯಲ್ಲಿ ನಾಲ್ವರು ಬಸವರಾಜರಿದ್ದು, ಅವರನ್ನು ಊರಿನ ಹೆಸರು ಹಿಡಿದು ಬೇರೆ ಮಾಡಬೇಕಾಗುತ್ತಿತ್ತು. ಆಮೇಲೆ ಪೂಜಾ, ಸ್ನೇಹಾ, ಆಕಾಶ, ಅಭಿಷೇಕ, ಸಮೀರ, ಮುಸ್ಕಾನ್ ಬಂದರು. ಈಗಂತೂ ಅಪ್ಪನಿಗೇ ಬರೆಯಲು ಬಾರದಂಥ ಹೆಸರುಗಳು ಬರುತ್ತವೆ.

"ಟೀವಿ ಮನೀಗೆ ಬಂತ್ರಿ, ಹೆಂಗಸರ ತಲಿ ಕೆಟ್ತು," ಎನ್ನುತ್ತಾರೆ ಹಿರಿಯ ಮಾಸ್ತರೊಬ್ಬರು. "ಹಿರ್ಯಾರ ಹೆಸರ ಬಿಟ್ಟು ಮೈಗೆ ಹಚ್ಚೂ ಸಾಬಾಣದ ಹೆಸರಿನಂಥಾವು ಇಡ್ತಾರ."

ಎಲ್ಲರೂ ನಗುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಒಂದು ಕಾಲಕ್ಕೆ ನಾನೂ ಹೀಗೆಯೇ ನಕ್ಕವಳು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ನನ್ನ ತವರು ಇಂಡಿ ಕಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮರುವರ್ಷ ಅಣ್ಣನಿಗೆ ಗಂಡು ಮಗು ಹುಟ್ಟಿತು. ವೈನಿಯ, ಅಂದರೆ ಅತ್ತಿಗೆಯ, ತವರು ಹೂವಿನ ಹಿಪ್ಪರಗಿ. ತೊಟ್ಟಿಲಿಗೆ ಹಾಕುವ ಕಾರ್ಯ ಅಲ್ಲಿಯೇ ಇತ್ತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಕೂಸಿನ ಕಿವಿಗೆ ಬಾಯಿ ಇಟ್ಟು ಕುರ್‍ರ್ ಎಂದು ಸದ್ದು ಮಾಡಿ ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅಣ್ಣನಿಗೆ ನಾನೊಬ್ಬಳೇ ತಂಗಿ. ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಇನ್ನೂ ಮದುವೆಯಾಗಿರಲಿಲ್ಲ.

ಹಿಂದಿನ ದಿನ ಸಂಜೆ ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ ತುಂಬಿತ್ತು. ವೈನಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದಳು. ಬಾಗಿಲ ಕಡೆ ನೋಡಿ ದನಿ ಇಳಿಸಿ ಕೇಳಿದಳು.

"ತಂಗಿ, ನಾಳೆ ಹೆಸರ ಹೇಳಾಕಿ ನೀನ ಅಲ್ಲೇನು?"

"ಮತ್ಯಾರು? ನಾ ಒಬ್ಬಾಕೀನ ಅತ್ತಿ."

"ಹಂಗಂದ್ರ ಯಾವದರ ಹೊಸಾ ಹೆಸರ ಇಡವಾ. ನಿಮ್ಮ ಮನ್ಯಾಗ ಯಾರಿಗೂ ಇರಬಾರದು, ಅಂಥಾದು."

"ನಿನಗೂ ಟೀವಿ ಹುಚ್ಚ ಹಿಡೀತೇನ ವೈನಿ? ಅಪ್ಪನ ಹೆಸರ ಇಡಬೇಕಂತ ಅವ್ವ ವರ್ಷದಿಂದ ಹಾದಿ ಕಾಯಾಕತ್ತಾಳ."

"ಗೊತ್ತೈತಿ. ಅದಕ್ಕ ಅಂದೆ."

ಅದಕ್ಕೆ ಅಂದರೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಕೇಳುವುದನ್ನು ಬಿಟ್ಟು ಬುದ್ಧಿ ಹೇಳಿದೆ. ನಮ್ಮ ಹೆಸರಿನಲ್ಲಿ ನಮ್ಮ ಮಣ್ಣಿದೆ, ಹಿರಿಯರಿದ್ದಾರೆ, ಟೀವಿಯಲ್ಲಿ ಬಂದದ್ದನ್ನೆಲ್ಲ ತಂದು ಮಕ್ಕಳ ತಲೆಗೆ ಕಟ್ಟಬಾರದು ಎಂದೆಲ್ಲ. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಮಾತಾಡಿದ ಹಾಗೆ ಮಾತಾಡಿದೆ. ಹತ್ತಾರು ದಿನದ ಹಿಂದೆ ಹೆತ್ತ ಹೆಂಗಸು ಅದನ್ನೆಲ್ಲ ಕೇಳಿಸಿಕೊಂಡು, "ಹೂಂ" ಎಂದು ಕೂಸಿನ ಕಡೆ ತಿರುಗಿದಳು.

ಮರುದಿನ ನಾನು ಅಪ್ಪನ ಹೆಸರನ್ನೇ ಹೇಳಿದೆ. "ಜೋರ ಹೊಡೀರಿ, ಕಾಲೇಜ ಕಲತ ಬೆನ್ನೈತಿ, ಗಟ್ಟಿ ಇರ್ತೈತಿ!" ಎಂದು ಹೆಂಗಸರು ಗುದ್ದಿದರು. ನಾನು ನಗುತ್ತಿದ್ದೆ. ಅವ್ವ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮಾವನ ಹೆಸರು, ಮಾವನ ಅಣ್ಣತಮ್ಮಂದಿರ ಹೆಸರು, ಭಾವಂದಿರ ಹೆಸರು, ಯಾವುದನ್ನೂ ಹೇಳುವುದಿಲ್ಲ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿದ್ದ ಮಗುವಿನ ತಲೆ ತಟ್ಟಿ, "ನಿಮ್ಮಪ್ಪನ ಹೆಸರ ಹೇಳಪಾ" ಎನ್ನುತ್ತಾರೆ. ಅವ್ವ ಜೀವಮಾನವಿಡೀ ಅಪ್ಪನನ್ನು "ನಿಮ್ಮಪ್ಪ" ಎಂದೇ ಕರೆದಳು. ಇದನ್ನೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಆದರೂ ವೈನಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಹೆಸರು ಹಿಡಿದು ಕರೆಯಲು ಆಗುವುದಿಲ್ಲವೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಆ ಮನೆಯ ಮಗಳು. ಆ ಮನೆಯ ಎಲ್ಲ ಹೆಸರುಗಳೂ ನನ್ನ ನಾಲಿಗೆಗೆ ಸಲೀಸಾಗಿದ್ದವು.

ಅವ್ವನೂ ಅವನ ಹೆಸರು ಹೇಳುತ್ತಿರಲಿಲ್ಲ. ಅವಳಿಗೆ ಅದು ಗಂಡನ ಹೆಸರು. ಮೊಮ್ಮಗನನ್ನು "ನಮ್ಮ ಗೌಡ" ಎಂದು ಕರೆಯುತ್ತಿದ್ದಳು. ನೀನೇ ಕರೆಯಲಾಗದ ಹೆಸರು ಯಾಕೆ ಬೇಕಿತ್ತು ಎಂದು ಒಮ್ಮೆ ಕೇಳಿದ್ದಕ್ಕೆ, "ನಾ ಕರೀದಿದ್ರ ಏನಾತು? ಮಂದಿ ಕರೀತಾರಲ್ಲ. ಅವರ ಹೆಸರ ಮನ್ಯಾಗ ಕೇಳಸ್ತೈತಿ," ಎಂದಳು. ವೈನಿ ಅವನನ್ನು ಮೊದಲು "ಕೂಸ" ಎನ್ನುತ್ತಿದ್ದಳು. ಅವನು ನಡೆಯಲು ಕಲಿತ ಮೇಲೆ "ಯಪ್ಪಾ" ಎಂದಳು. ಬೇರೆ ಕರೆಯುವ ಹೆಸರೊಂದನ್ನು ಇಡೋಣವೆಂದರೆ ಅವ್ವ ಮುಖ ತಿರುಗಿಸುತ್ತಿದ್ದಳು, ಸತ್ತವರಿಗೆ ಅವಮಾನವೆಂದು. ಹೀಗೆ ಆ ಹುಡುಗನಿಗೆ ಹೆಸರಿಟ್ಟ ಮನೆಯಲ್ಲಿ ಆ ಹೆಸರು ಹಿಡಿದು ಕರೆಯುವವನು ಹೊಲದಿಂದ ಸಂಜೆ ಬರುವ ಅಣ್ಣನೊಬ್ಬನೇ. ರಜೆಗೆ ಹೋದಾಗ ನಾನು.

ಅವನಿಗೆ ಮೂರೂವರೆ ವರ್ಷವಿದ್ದಾಗ ನಡೆದದ್ದು ಇದು. ವೈನಿಯ ತವರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ವೈನಿ, ಹುಡುಗ, ನಾನು ಮೂವರೂ ದೇವರ ಹಿಪ್ಪರಗಿ ಮೇಲೆ ಹಾಯ್ದು ಸಿಂದಗಿಗೆ ಬಂದು ಇಂಡಿ ಬಸ್ಸಿಗೆ ಕಾಯುತ್ತಿದ್ದೆವು. ಮಧ್ಯಾಹ್ನ, ಸಂತೆಯ ದಿನ, ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗನ ಕೈಯಲ್ಲಿ ಕೆಂಪು ಪುಗ್ಗಾ ಇತ್ತು. ಬಲೂನಿನವನಿಂದ ನಾನೇ ಊದಿಸಿ ಕೊಡಿಸಿದ್ದು. ವೈನಿ ಚೀಲಗಳ ಹತ್ತಿರ ಕುಳಿತಿದ್ದಳು. ನಾನು ನೀರು ತುಂಬಿಸಲು ನಳದ ಕಡೆ ಹೋದೆ.

"ಏ! ಏ! ಯಪ್ಪಾ! ಏ ಯಪ್ಪಾ!"

ವೈನಿಯ ದನಿ ಕೇಳಿ ತಿರುಗಿದೆ. ಹುಡುಗ ಕಾಣಿಸಲಿಲ್ಲ. ವೈನಿ ಎದ್ದು ನಿಂತಿದ್ದಳು, ಒಂದು ಕೈ ಮುಂದಕ್ಕೆ ಚಾಚಿದ್ದಳು. ಅವಳ ಬಾಯಿ ನನಗೆ ಇವತ್ತಿಗೂ ಕಾಣುತ್ತದೆ. ಹೆಸರು ತುಟಿಯವರೆಗೆ ಬಂದಿತ್ತು. ಅವಳು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಮತ್ತೆ "ಏ! ಯಪ್ಪಾ!" ಎಂದಳು. ಆ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ತಾಯಂದಿರು ಎಷ್ಟು ಮಕ್ಕಳನ್ನು ಯಪ್ಪಾ ಎಂದು ಕರೆಯುತ್ತಿದ್ದರೋ. ಯಾರೂ ತಿರುಗಿ ನೋಡಲಿಲ್ಲ. ಮಗನೂ ನೋಡಲಿಲ್ಲ.

ಆಗ ನನಗೆ ಅವನು ಕಂಡ. ಗಾಳಿಗೆ ಉರುಳುತ್ತಿದ್ದ ಪುಗ್ಗಾದ ಹಿಂದೆ ಬಗ್ಗಿಕೊಂಡು ಓಡುತ್ತಿದ್ದ. ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರ್ ಅದರ ಈ ಬದಿಯಲ್ಲಿ ನಿಂತು ಸೀಟಿ ಊದುತ್ತ ಬಸ್ಸಿಗೆ ಬಡಿಯುತ್ತಿದ್ದ. ಹುಡುಗನಿದ್ದ ಆ ಬದಿ ಅವನಿಗೆ ಕಾಣುತ್ತಿರಲಿಲ್ಲ. ನಾನು ಎದೆ ಒಡೆಯುವ ಹಾಗೆ ಹುಡುಗನ ಹೆಸರು ಕೂಗಿದೆ.

ಅವನು ನಿಂತ. ತಿರುಗಿದ. ನನ್ನನ್ನು ನೋಡಿ ನಕ್ಕ.

ನಿಲ್ಲಬಾರದ ಜಾಗದಲ್ಲಿ ನಿಂತ. ಬಸ್ಸು ನಮ್ಮ ನಡುವೆ ಬಂತು. ಟಪ್ ಎಂದು ಸಪ್ಪಳವಾಯಿತು.

ಅದು ಪುಗ್ಗಾ ಒಡೆದ ಸಪ್ಪಳ. ಅದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಬಸ್ಸು ನಿಂತು, ನಾನು ಅದನ್ನು ಸುತ್ತು ಹಾಕಿ ಆ ಬದಿ ಮುಟ್ಟುವವರೆಗಿನ ಕಾಲವನ್ನು ಎಷ್ಟೋ ವರ್ಷಗಳಿಂದ ನಾನು ಮತ್ತೆ ಮತ್ತೆ ನಡೆಯುತ್ತಲೇ ಇದ್ದೇನೆ. ಹುಟ್ಟುಹಬ್ಬದ ಮನೆಗಳಲ್ಲಿ ಪುಗ್ಗಾ ಒಡೆದರೆ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ.

ಪೇರಲ ಮಾರುವ ಹೆಂಗಸೊಬ್ಬಳು ಅವನ ಅಂಗಿಯ ಕೊರಳು ಹಿಡಿದು ಎಳೆದುಕೊಂಡಿದ್ದಳು. ಎಳೆದ ಭರಕ್ಕೆ ಅವನು ಅವಳ ಬುಟ್ಟಿಯಲ್ಲೇ ಬಿದ್ದು, ಹಣ್ಣುಗಳ ಮೇಲೆ ಕುಳಿತು ಪುಗ್ಗಾ ಬೇಕೆಂದು ಅಳುತ್ತಿದ್ದ. ವೈನಿ ಬಂದು ಅವನನ್ನು ಎತ್ತಿಕೊಂಡು ನೆಲಕ್ಕೆ ಕುಸಿದಳು. ಮಂದಿ ಸೇರಿತು. ಕಂಡಕ್ಟರ್ ಓಡಿ ಬಂದ.

"ಏನವಾ, ಕೂಸಿಗೆ ಹೆಸರಿಲ್ಲೇನು? ಏ ಏ ಅಂತ ಎಮ್ಮಿ ಹೊಡದಂಗ ಹೊಡೀತಿ!"

"ಐತ್ರಿ," ಎಂದಳು ವೈನಿ.

"ಐತಿ ಅಂದ್ರ ಕರೀಬೇಕಿಲ್ಲೋ?"

ವೈನಿ ಸೆರಗು ಎಳೆದುಕೊಂಡಳು. "ನಮ್ಮ ಮಾವಾರ ಹೆಸರೈತ್ರಿ."

ಕಂಡಕ್ಟರನ ಸಿಟ್ಟು ಅಲ್ಲಿಗೇ ಇಳಿಯಿತು. "ಹೌದೇನವಾ," ಎಂದು ಸೀಟಿಯನ್ನು ಕಿಸೆಗೆ ಹಾಕಿಕೊಂಡ. ಗುಂಪಿನಲ್ಲಿದ್ದ ಮುದುಕಿಯೊಬ್ಬಳು, "ಮರ್ಯಾದಿ ಮನಿ ಹೆಣ್ಮಗಳು. ಇಂಥಾ ಹೊತ್ತಿನ್ಯಾಗೂ ಬಾಯಿ ಬಿಡಲಿಲ್ಲ ನೋಡ್ರಿ," ಎಂದಳು. ಸುತ್ತಲೂ ತಲೆಗಳು ಹೌದೆಂದು ಅಲ್ಲಾಡಿದವು. ಸುಮ್ಮನೆ ಅಲ್ಲ, ಮೆಚ್ಚಿಗೆಯಿಂದ! ಒಬ್ಬ ತಾಯಿ ಮಗನನ್ನು ಸಾಯಲು ಬಿಟ್ಟರೂ ಪರವಾಗಿಲ್ಲ, ಮಾವನ ಹೆಸರು ಹೇಳಲಿಲ್ಲವಲ್ಲ ಎಂದು ಅಷ್ಟು ಮಂದಿ ಮೆಚ್ಚಿಕೊಂಡರು. ಅವರ ಮುಖಗಳಿಗೆ ಉಗುಳಬೇಕು ಎನ್ನಿಸಿತು. ಈಗಲೂ ಎನ್ನಿಸುತ್ತದೆ.

ಪೇರಲದವಳು ಮಾತ್ರ ಜಜ್ಜಿದ ಹಣ್ಣುಗಳನ್ನು ಬೇರೆ ಮಾಡುತ್ತ ಸಿಡುಕಿದಳು. "ಎಂಥಾ ಮರ್ಯಾದಿ ಹಚ್ಚೀರಿ? ಈ ಹೆಸರ ಇಟ್ಟಾಕಿ ಯಾವಾಕಿ? ಕರಕೊಂಡ ಬರ್ರಿ ಆಕೀನ್ನ, ನಾ ಕೇಳ್ತೇನಿ."

ನಾನು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ವೈನಿ ನನ್ನನ್ನು ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಇಂಡಿ ಬಸ್ಸಿನಲ್ಲಿ ಹುಡುಗ ನಿದ್ದೆ ಹೋದ ಮೇಲೆ ವೈನಿ ಕಿಟಕಿಯ ಹೊರಗೆ ನೋಡುತ್ತಲೇ, "ಅವತ್ತ ಅದಕ್ಕ ಅಂದೆ ತಂಗಿ," ಎಂದಳು. ಅಷ್ಟೇ. ಅದರಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮನೆ ಮುಟ್ಟಿದ ಕೂಡಲೇ ನಾನು ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಮೊಮ್ಮಗನ ಮೈಯೆಲ್ಲ ಮುಟ್ಟಿ ನೋಡಿ, ಮುಗಿಲ ಕಡೆ ಕೈ ಮುಗಿದಳು. "ಅವರ ಹೆಸರ ಕಾಯ್ತು ನನ್ನ ಗೌಡನ್ನ."

"ಹೆಸರ ಕಾಯಲಿಲ್ಲಬೇ, ಹೆಸರ ಕೊಲ್ಲತಿತ್ತು!" ನಾನು ಚೀರಿದೆ. "ನಿಮ್ಮ ಸೊಸಿ ಬಾಯಿಗೆ ಬೀಗ ಹಾಕೀರಿ!"

"ನಾ ಹಾಕೇನೇನ? ನಾ ಯಾವತ್ತರ ಕರೀಬ್ಯಾಡ ಅಂದೇನೇನ ಆಕಿಗೆ? ಕೇಳ ಆಕೀನ್ನ. ಕರೀಲಿ, ಬ್ಯಾಡ ಅಂದಾವ್ರ್ಯಾರು?"

ಅದು ನಿಜವಾಗಿತ್ತು. ಯಾರೂ ಬೇಡ ಎಂದಿರಲಿಲ್ಲ. ಹೊಡೆಯೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಅಣ್ಣ ಎತ್ತಿನ ಹಗ್ಗ ಕೈಯಲ್ಲಿ ಹಿಡಿದೇ ಬಂದು ಎಲ್ಲ ಕೇಳಿಸಿಕೊಂಡು ಹೆಂಡತಿಗೆ ಹೇಳಿದ. "ಅವ್ವನ ಹೂಂ ಅಂದಾಳ. ಕರಿ ನೋಡೂಣು."

"ಕರಿ ವೈನಿ," ಎಂದೆ ನಾನೂ. "ಒಮ್ಮೆ ಕರದುಬಿಡು. ಮುಗೀತೈತಿ."

ವೈನಿ ಕಂಬಕ್ಕೆ ಆತು ನಿಂತಿದ್ದಳು. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಮುಖ ತೊಳೆದಿರಲಿಲ್ಲ. ಅತ್ತೆ, ಗಂಡ, ನಾದಿನಿ ಮೂವರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಹುಡುಗ ಏನೋ ಆಟವೆಂದು ತಾಯಿಯ ಮುಖ ನೋಡಿ ಕಾಯುತ್ತಿದ್ದ. ಅವಳು ಬಾಯಿ ತೆರೆದಳು. ಹೆಸರು ಬರಲಿಲ್ಲ. ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಮಂದಿ ಮಾಡಿದ್ದನ್ನೇ ನಾವು ಅಂಗಳದಲ್ಲಿ ಮಾಡುತ್ತಿದ್ದೆವು. ನನಗದು ತಿಳಿಯುವಷ್ಟರಲ್ಲಿ ಅವಳು ಮಗನ ಮುಂಗೈ ಹಿಡಿದುಕೊಂಡಳು.

"ನಾ ಇವನ ಕೈ ಬಿಡಂಗಿಲ್ಲ. ಅಷ್ಟ ಸಾಕ," ಎಂದು ಒಳಗೆ ನಡೆದಳು.

ಎರಡು ವರ್ಷದ ಮೇಲೆ ಹೆಣ್ಣು ಹುಟ್ಟಿತು. ಹೆಣ್ಣು ಕೂಸಿಗೆ ಏನು ಹೆಸರಿಟ್ಟರೇನು ಎಂದು ಯಾರೂ ತಲೆ ಹಾಕಲಿಲ್ಲ. ವೈನಿ ಹೇಳಿದ ಹೊಸ ಹೆಸರನ್ನೇ ನಾನು ಕಿವಿಯಲ್ಲಿ ಹೇಳಿದೆ. ಆ ಹೆಸರನ್ನು ಅವಳು ಬೇಕಿದ್ದಾಗಲೂ ಬೇಡವಾದಾಗಲೂ ದಿನಕ್ಕೆ ಐವತ್ತು ಸಲ, ಓಣಿಗೆಲ್ಲ ಕೇಳುವ ಹಾಗೆ ಕರೆಯುತ್ತಿದ್ದಳು.

ಹೊಸ ಹೆಸರುಗಳು ಟೀವಿಯಿಂದ ಬಂದವು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಬಂದಿರಬಹುದು. ಆದರೆ ಅವನ್ನು ಕೈ ಚಾಚಿ ತೆಗೆದುಕೊಂಡ ಹೆಂಗಸರ ಮನೆಗಳಲ್ಲಿ ಹಳೆಯ ಹೆಸರುಗಳೆಲ್ಲ ಒಬ್ಬರಲ್ಲ ಒಬ್ಬ ಹಿರಿಯರದಾಗಿ ಬೀಗ ಬಿದ್ದಿದ್ದವು. ಬಾಗೇವಾಡಿ ಕಡೆಯ ದೊಡ್ಡ ಮನೆತನಕ್ಕೆ ಸೊಸೆಯಾಗಿ ಹೋದ ನನ್ನ ಗೆಳತಿಗೆ ಹೇಳಬಾರದ ಹೆಸರುಗಳೇ ಹನ್ನೊಂದಿದ್ದವು. ಅವಳ ಮಗನಿಗೆ ಆಕಾಶ ಎಂದು ಇಟ್ಟದ್ದು ಹುಚ್ಚಿಗಲ್ಲ. ಈಗ ಯಾರಾದರೂ ಹೆಸರು ಸೂಚಿಸಿ ಟೀಚರ್ ಎಂದು ಬಂದರೆ ನಾನು ಒಂದೇ ಮಾತು ಕೇಳುತ್ತೇನೆ. ಹೆತ್ತಾಕಿಗೆ ಇದನ್ನು ಗಟ್ಟಿಯಾಗಿ ಕೂಗಲು ಬರುತ್ತದೆಯೇ? ಅವರು ನಗುತ್ತಾರೆ. ನಾನು ನಗುವುದಿಲ್ಲ.

ವೈನಿ ಹೇಳಿದಂತೆಯೇ ಮಾಡಿದಳು. ಅವನು ಆರನೆಯ ತರಗತಿಯಲ್ಲಿದ್ದಾಗಲೂ ಮುಂಗೈ ಹಿಡಿದೇ ಶಾಲೆಗೆ ಮುಟ್ಟಿಸುತ್ತಿದ್ದಳು. ಹುಡುಗರು ಅವನನ್ನು ಕರು ಎಂದು ಅಣಕಿಸುತ್ತಿದ್ದರು. ನನಗೆ ಮುದ್ದೇಬಿಹಾಳಕ್ಕೆ ವರ್ಗವಾಗಿ, ಅವನು ಹತ್ತನೆಯ ತರಗತಿಗೆ ನನ್ನಲ್ಲಿಗೆ ಓದಲು ಬಂದಾಗ ಬಿಟ್ಟುಹೋಗಲು ವೈನಿಯೂ ಬಂದಳು. ಅಷ್ಟೊತ್ತಿಗೆ ಅವನು ಅವಳಿಗಿಂತ ಒಂದು ಗೇಣು ಎತ್ತರವಾಗಿದ್ದ. ಮೊದಲ ದಿನ ಮೂವರೂ ಶಾಲೆಯ ಕಡೆ ಹೊರಟೆವು. ದೊಡ್ಡ ರಸ್ತೆ ಬಂದ ಕೂಡಲೇ ವೈನಿ ಅವನ ಮುಂಗೈ ಹಿಡಿದಳು.

"ಬಿಡಬೇ, ಹುಡುಗ್ರು ನೋಡಾಕತ್ತಾರ," ಎಂದು ಕೊಸರಿಕೊಂಡು ಅವನು ರಸ್ತೆಗೆ ಇಳಿದೇಬಿಟ್ಟ. ಆ ಕಡೆಯಿಂದ ಲಾರಿಯೊಂದು ಬರುತ್ತಿತ್ತು, ಇನ್ನೂ ದೂರವಿತ್ತು.

ವೈನಿ ನನ್ನ ಕಡೆ ನೋಡಿದಳು. ಕರೆಯಬಲ್ಲವಳು ನಾನೊಬ್ಬಳೇ ಎಂದು ನೋಡಿದಳು. ನಾನು ಬಾಯಿ ತೆರೆದೆ. ಕೂಗಿದರೆ ಅವನು ನಿಲ್ಲುತ್ತಾನೆ. ನಡುರಸ್ತೆಯಲ್ಲಿ ನಿಂತು ತಿರುಗಿ ನಗುತ್ತಾನೆ. ನಾನೇ ಅವನ ಕಿವಿಯಲ್ಲಿ ಹೇಳಿದ್ದ ಹೆಸರು ನನ್ನ ಬಾಯಿಂದಲೂ ಹೊರಡಲಿಲ್ಲ. ವೈನಿ ಸೀರೆಯ ನಿರಿಗೆ ಎತ್ತಿ ಹಿಡಿದು ಅವನ ಹಿಂದೆ ಓಡಿದಳು. ನಾನೂ ಓಡಿದೆ.