ಹಲ್ಲು ಕೆಟ್ಟ ಮೊಲಗಳ ಅಕ್ಕ

ಬೆಳಕು ಹರಿಯುವ ಮುಂಚೆ ಎದ್ದು ಮೊಲ ನೋಡಲು ಹೊರಡುವವನು ಒಂದೋ ಬೇಟೆಗಾರನಾಗಿರಬೇಕು, ಇಲ್ಲ ಭಾನುವಾರದ ಪುರವಣಿಗೆ ಬರೆಯುವವನಾಗಿರಬೇಕು. ನಾನು ಎರಡನೆಯ ಜಾತಿಯವನು. ಪ್ರಾಣಿಗಳ ಆಸ್ಪತ್ರೆಯ ಹಿಂಬಾಗಿಲಲ್ಲಿ ಆಕಳಿಸುತ್ತ ನಿಂತಿದ್ದೇನೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಗೂಡುಗಳ ಅಡಿಯ ತಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದು ಮೊಲದ ಹಿಕ್ಕೆ ನೋಡುತ್ತಿದ್ದಾರೆ. ಸುಮ್ಮನೆ ನೋಡುವುದಲ್ಲ, ಕೈಗವಸು ಹಾಕಿದ ಬೆರಳಲ್ಲಿ ಹರಡಿ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ನೋಡುತ್ತಿದ್ದಾರೆ.

"ಇದು ದುಂಡಗಿದೆ, ದಪ್ಪ ಇದೆ. ಇವನು ರಾತ್ರಿ ಹೊಟ್ಟೆ ತುಂಬ ತಿಂದಿದ್ದಾನೆ. ಇದು ನೋಡಿ ಸಾರ್, ಮೆಣಸಿನ ಕಾಳಿಗಿಂತ ಚಿಕ್ಕದು. ಇವಳು ತಿಂದ ಹಾಗೆ ನಾಟಕ ಆಡಿದ್ದಾಳೆ, ಕಳ್ಳಿ."

ಕೊನೆಯ ಗೂಡಿನ ತಟ್ಟೆಯನ್ನು ಎಳೆಯುತ್ತಾರೆ. ತಟ್ಟೆಯಲ್ಲಿ ಏನೂ ಇಲ್ಲ. ಗೂಡಿನ ಮೂಲೆಯಲ್ಲಿ ಕಂದು ಬಣ್ಣದ, ಕಿವಿ ಜೋತುಬಿದ್ದ ದೊಡ್ಡ ಮೊಲವೊಂದು ಗೋಡೆಗೆ ಮುಖ ಮಾಡಿ ಕೂತಿದೆ. ಎಂಟು ವರ್ಷ ವಯಸ್ಸು, ಮೊಲದ ಲೆಕ್ಕದಲ್ಲಿ ಮುದುಕ. ಹೆಸರು ದೊರೆ. ದವಡೆಯ ಕೆಟ್ಟ ಹಲ್ಲೊಂದನ್ನು ಕಿತ್ತು, ಉಳಿದವನ್ನು ಉಜ್ಜಿ ಸಮ ಮಾಡಿ ಮೂರು ದಿನವಾಯಿತು. ದೊರೆ ತಾನಾಗಿ ಒಂದು ಎಳೆ ಹುಲ್ಲಿಗೂ ಬಾಯಿ ಹಾಕಿಲ್ಲ.

ಇವರನ್ನು ಈ ಬೀದಿಯಲ್ಲಿ ಎಲ್ಲರೂ ಮೊಲದಕ್ಕ ಎನ್ನುತ್ತಾರೆ. ನಾಯಿ ತಂದವರೂ ಹಾಗೇ ಕರೆಯುತ್ತಾರೆ, ಔಷಧಿ ತಂದುಕೊಡುವವನೂ ಹಾಗೇ ಕರೆಯುತ್ತಾನೆ. ಹಲ್ಲಿನ ತೊಂದರೆಯಿಂದ ಬರುವ ಮೊಲಗಳನ್ನು ಹಿಡಿಯುವುದು, ಚಿಕಿತ್ಸೆಯಾದ ಮೇಲೆ ಉಣಿಸುವುದು, ಅವು ಮತ್ತೆ ತಾವಾಗಿ ತಿನ್ನುವ ತನಕ ಕಾಯುವುದು ಇವರ ಕೆಲಸ. ಬಾಗಿಲ ಮೇಲಿನ ಫಲಕದಲ್ಲಿ ಡಾಕ್ಟರ ಹೆಸರಿದೆ. ಇವರದು ಎಲ್ಲೂ ಇಲ್ಲ. ಕೇಳಿದರೆ, "ಫಲಕದ ಧೂಳು ಒರೆಸೋದು ನಾನೇ ಅಲ್ವಾ, ಇನ್ನೊಂದು ಹೆಸರು ಸೇರಿದ್ರೆ ಒರೆಸೋ ಕೆಲಸ ಜಾಸ್ತಿ" ಎನ್ನುತ್ತಾರೆ.

ಹುಲ್ಲಿನ ಪುಡಿಯನ್ನು ಬಿಸಿನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿಗೆ ತುಂಬಿ, ದೊರೆಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ದೊರೆ ನುಂಗುತ್ತದೆ, ಆದರೆ ಮನಸ್ಸಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮ ಬರುತ್ತಾರೆ. ನಲವತ್ತರ ಒಳಗಿನ ಚುರುಕು ಹೆಂಗಸು. ಬಾಗಿ ದೊರೆಯ ಹೊಟ್ಟೆಗೆ ಸ್ಟೆತೊಸ್ಕೋಪ್ ಇಡುತ್ತಾರೆ, ದವಡೆ ಸವರುತ್ತಾರೆ.

"ಬಾಯಿ ಗಾಯ ಚೆನ್ನಾಗಿ ಮಾಯ್ತಾ ಇದೆ ಅಕ್ಕ. ಈಗ ನೋವಿರೋ ಹಾಗಿಲ್ಲ. ಆದ್ರೆ ತಿನ್ನೋ ಆಸೆನೇ ಬಿಟ್ಟಿದೆ. ಕರುಳು ನಿಲ್ತಾ ಬಂದಿದೆ."

"ಸಂಜೆ ತನಕ ನೋಡೋಣ ಡಾಕ್ಟ್ರೇ."

"ಸಂಜೆ ತನಕ ನೋಡೋಣ. ತಾನಾಗಿ ಬಾಯಿ ಹಾಕದಿದ್ರೆ ಇನ್ನು ಎಳೆದಾಡಿಸೋದು ಬೇಡ."

ಎಳೆದಾಡಿಸೋದು ಬೇಡ ಎಂದರೆ ನೋವಿಲ್ಲದೆ ನಿದ್ದೆ ಮಾಡಿಸುವ ಕೊನೆಯ ಇಂಜೆಕ್ಷನ್. ಮೊಲದಕ್ಕ ತಲೆಯಾಡಿಸಿ ಸಿರಿಂಜ್ ತೊಳೆಯಲು ಹೋಗುತ್ತಾರೆ. ನನ್ನ ನಿದ್ದೆಯೆಲ್ಲ ಹಾರಿಹೋಗಿದೆ.

ಮೊಲಕ್ಕೂ ಹಲ್ಲುನೋವು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಿನ್ನೆಯವರೆಗೆ ನಾನು ನಕ್ಕುಬಿಡುತ್ತಿದ್ದೆ. ಅದರ ಹಲ್ಲು ನಮ್ಮ ಉಗುರಿನ ಹಾಗೆ, ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದಂತೆ. ಒಣಹುಲ್ಲನ್ನು ಅಡ್ಡಡ್ಡ ಅರೆದು ಅರೆದು ಅದನ್ನು ಸವೆಸಿಕೊಳ್ಳಬೇಕು. ಮೃದುವಾದದ್ದನ್ನೇ ತಿಂದರೆ ದವಡೆ ಹಲ್ಲು ಸವೆಯದೆ, ಅಂಚಿನಲ್ಲಿ ಮುಳ್ಳಿನಂತೆ ಬೆಳೆದು, ನಾಲಿಗೆ ಮತ್ತು ಕೆನ್ನೆ ಕೊಯ್ಯುತ್ತದೆ. ಹಸಿವಿರುತ್ತದೆ, ತಿನ್ನಲಾಗದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತೇವೆ. ಬಾಯಿಯೇ ಕೈಕೊಟ್ಟರೆ ಸುಗ್ಗಿಯಲ್ಲೂ ಉಪವಾಸವೇ ಸರಿ.

ಬೆಳಗಿನ ಸರದಿ ಶುರುವಾಗುತ್ತದೆ. ಮೊದಲು ನಾಲ್ಕು ತಿಂಗಳ ಕುಬ್ಜ ತಳಿಯ ಮರಿ, ಅಂಗೈಯಲ್ಲಿ ಹಿಡಿಯುವಷ್ಟು. ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೆ ಆನೆಯ ದಂತದ ಹಾಗೆ ಆಚೆಗೆ ಬಾಗಿವೆ. "ಮುಖ ಗುಂಡಗೆ ಮುದ್ದಾಗಿರಲಿ ಅಂತ ಇಂಥ ತಳಿ ಮಾಡಿದ್ರು, ಒಳಗೆ ಹಲ್ಲಿಗೆ ಜಾಗ ಬಿಡೋದು ಮರೆತ್ರು" ಎನ್ನುತ್ತಾರೆ ಡಾಕ್ಟರಮ್ಮ. ಆಮೇಲೆ ಮೂರು ವರ್ಷದ, ಉಣ್ಣೆ ತಳಿಯ ಅಂಗೋರಾ ಮೊಲ. ಮೈ ನೆಕ್ಕಿ ನೆಕ್ಕಿ ತನ್ನದೇ ಉಣ್ಣೆಯನ್ನು ಹಲ್ಲಿಗೆ ಸುತ್ತಿಕೊಂಡು ಬಂದಿದೆ. ಮೂರನೆಯದು ಬೆಕ್ಕಿಗಿಂತ ದೊಡ್ಡ ಬೂದು ಮೊಲ, ಆರು ದಾಟಿದೆ. ಒಂದು ಕಣ್ಣಲ್ಲಿ ಸದಾ ನೀರು. ಮನೆಯವರು ತಿಂಗಳುಗಟ್ಟಲೆ ಕಣ್ಣಿಗೆ ಔಷಧಿ ಹಾಕಿದ್ದಾರೆ. ಎಕ್ಸ್‌ರೇಯಲ್ಲಿ ನೋಡಿದರೆ ಮೇಲಿನ ಹಲ್ಲಿನ ಬೇರು ಬೆಳೆದು ಕಣ್ಣೀರಿನ ದಾರಿಯನ್ನೇ ಒತ್ತಿಹಿಡಿದಿದೆ.

ಮೂರನ್ನೂ ಮೊಲದಕ್ಕ ಹಿಡಿಯುತ್ತಾರೆ. ನೋಡಿದರೆ ಇದೇನು ಮಹಾ ಅನಿಸುತ್ತದೆ. ಆದರೆ ಮೊಲ ಬೆದರಿ ಹಿಂಗಾಲು ಜಾಡಿಸಿದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. "ಬಿಗಿ ಹಿಡಿದ್ರೆ ಹೆದರುತ್ತೆ, ಸಡಿಲ ಬಿಟ್ರೆ ಹಾರುತ್ತೆ. ಎರಡರ ಮಧ್ಯ ಒಂದು ಹಿಡಿತ ಇದೆ ಸಾರ್. ಅದನ್ನ ಬಾಯಲ್ಲಿ ಹೇಳೋಕೆ ನಂಗೆ ಬರಲ್ಲ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಕಟ್ಟಿದವನು ಜನ್ಮದಲ್ಲಿ ಮೊಲ ಹಿಡಿದಿಲ್ಲ ಎಂಬುದು ಅವರ ವಾದ. "ಹಿಡಿದಿದ್ರೆ ಎಂಟು ಕಾಲು ಅಂತಿದ್ದ."

ಈ ಹಿಡಿತ ಕಲಿತದ್ದು ಕ್ಷೌರದ ಅಂಗಡಿಯಲ್ಲಿ. ಗಂಡ ಕ್ಷೌರಿಕರು. ಸಣ್ಣ ಮಕ್ಕಳು ಕುರ್ಚಿಯಲ್ಲಿ ಕೂತು ರಂಪ ಮಾಡಿದರೆ ತಲೆ ಅಲುಗದಂತೆ ಹಿಡಿಯಲು ಹೆಂಡತಿಯನ್ನು ಕರೆಯುತ್ತಿದ್ದರು. "ಕತ್ತರಿ ಅವರದ್ದು, ತಲೆ ನನ್ನದು. ಇಪ್ಪತ್ತು ವರ್ಷ ಹಾಗೇ ನಡೀತು." ಆಮೇಲೆ ಗಂಡನ ಕೈ ನಡುಗಲು ಶುರುವಾಯಿತು. ಯಾರ ಕಿವಿಗಾದರೂ ತಾಗುವ ಮುಂಚೆ ನಿಲ್ಲಿಸಿಬಿಡ್ತೀನಿ ಎಂದು ಒಂದು ಬೆಳಗ್ಗೆ ಅವರೇ ಕತ್ತರಿ ಒರೆಸಿ ಒಳಗಿಟ್ಟರು. ಮೊಲದಕ್ಕ ಈ ಆಸ್ಪತ್ರೆಗೆ ಕಸ ಗುಡಿಸಲು ಬಂದರು. ಮೇಜಿನ ಮೇಲೆ ಕೊಸರಾಡುತ್ತಿದ್ದ ಮೊಲವೊಂದನ್ನು ನೋಡಲಾರದೆ, ಪೊರಕೆ ಗೋಡೆಗೆ ಒರಗಿಸಿ, "ಒಂದ್ನಿಮಿಷ ಕೊಡಿ ಡಾಕ್ಟ್ರೇ" ಎಂದರು. ಆ ಪೊರಕೆಯನ್ನು ಮತ್ತೆ ಹಿಡಿಯಲು ಡಾಕ್ಟರಮ್ಮ ಬಿಡಲಿಲ್ಲ. ಮೊಲದ ಬಾಯೊಳಗೆ ಎಲ್ಲಿ ಏನಿರುತ್ತದೆ, ಯಾವಾಗ ಉಣಿಸಬೇಕು, ಯಾವಾಗ ಉಣಿಸಬಾರದು ಎಂದು ಕೂರಿಸಿ ಕಲಿಸಿದ್ದು ಡಾಕ್ಟರಮ್ಮನೇ.

ಕಷ್ಟವೇನು ಎಂದು ಕೇಳುತ್ತೇನೆ. ಮುಂಗೈ ತೋರಿಸುತ್ತಾರೆ, ತುಂಬ ಗೀರುಗಳು. "ಇದು ಕಷ್ಟ ಅಲ್ಲ. ಒಣಹುಲ್ಲು ನನಗೆ ಆಗಿಬರಲ್ಲ, ಅದು ಕಷ್ಟ. ಸೀನು ಬರುತ್ತೆ. ನಾನು ಸೀನಿದ್ರೆ ಇವೆಲ್ಲ ಒಂದೇ ಸಲ ಮೇಲಕ್ಕೆ ಹಾರ್ತವೆ." ಅದಕ್ಕೇ ಸೀನು ಬಂದಾಗ ಮೂಗಿನ ಕೆಳಗೆ ಬೆರಳೊತ್ತಿ, ಕಣ್ಣು ಕೆಂಪಗೆ ಮಾಡಿಕೊಂಡು, ಹಿತ್ತಿಲಿಗೆ ಓಡುತ್ತಾರೆ. ಹುಲ್ಲು ಹಾಕುವ ಹೊತ್ತಿಗೆ ಸರಿಯಾಗಿ ಅಲ್ಲಿಂದ ಕೇಳಿಬರುವ ಸೀನು ಪಕ್ಕದ ಕಟ್ಟಡದವರಿಗೆ ಗಡಿಯಾರವಿದ್ದ ಹಾಗೆ. ಮನೆಯಲ್ಲಿ ಈಗ ಅಡುಗೆ ನೋಡಿಕೊಳ್ಳುವ ಗಂಡ, "ನನ್ನ ಗಿರಾಕಿಗಳು ಅಂಗಡಿ ಹಾರಿಹೋಗೋ ಹಾಗೆ ಅಳ್ತಿದ್ರು, ನಿನ್ನ ಗಿರಾಕಿಗಳು ಎಷ್ಟು ಮರ್ಯಾದಸ್ಥರು" ಎಂದು ರೇಗಿಸುತ್ತಾರಂತೆ.

"ಅದೇ ತೊಂದರೆ ಸಾರ್. ಅಳೋ ಕೂಸಿಗೆ ಹಾಲು ಅಂತಾರೆ. ಇವು ಅಳೋದೇ ಇಲ್ಲ. ನೋವನ್ನ ಮುಚ್ಚಿಟ್ಕೊಂಡು ಕೂತಿರ್ತವೆ."

ಮಧ್ಯಾಹ್ನ ದೊರೆಯ ಯಜಮಾನರು ಬರುತ್ತಾರೆ. ಚೊಕ್ಕ ಅಂಗಿಯ, ಬೆನ್ನು ಬಾಗಿದ ಅಜ್ಜ. ಕಸುಬು ಮನುಷ್ಯರ ಕಟ್ಟುಹಲ್ಲು ಮಾಡುವುದು. ಬಾಗಿಲಲ್ಲೇ ಕೇಳುತ್ತಾರೆ, "ದೊರೆಗಳ ಊಟ ಆಯ್ತಾ ಅಮ್ಮಾ?"

"ಇನ್ನೂ ಇಲ್ಲ ಅಜ್ಜ. ಬನ್ನಿ, ಕೂತ್ಕೊಳ್ಳಿ." ಸಂಜೆಯ ಗಡುವನ್ನೂ ಮುಚ್ಚಿಡದೆ ಹೇಳುತ್ತಾರೆ. ಅಜ್ಜ ಹತ್ತಿರದ ಸ್ಟೂಲಿನ ಮೇಲೆ ಕೂರುತ್ತಾರೆ.

ತಪ್ಪು ತಮ್ಮದೇ ಎನ್ನುತ್ತಾರೆ ಅಜ್ಜ. ಒಂದೂವರೆ ವರ್ಷದ ಹಿಂದೆ ದೊರೆಯ ಮುಂದಿನ ಹಲ್ಲು ಸೊಟ್ಟ ಬೆಳೆಯಲು ಶುರುವಾಯಿತಂತೆ. "ಜೀವಮಾನವೆಲ್ಲ ಕಂಡವರ ಹಲ್ಲು ಸರಿ ಮಾಡಿದೋನು, ನನ್ನ ಮೊಲದ ಹಲ್ಲು ಮಾಡಲಾರೆನಾ ಅಂದ್ಕೊಂಡೆ. ವಾರ ವಾರ ನಾನೇ ಅರ ಹಾಕಿ ಉಜ್ಜಿ ಸರಿ ಮಾಡ್ದೆ. ಎಷ್ಟು ನೀಟಾಗಿತ್ತು ಗೊತ್ತಾ? ನೋಡಿದವರೆಲ್ಲ ಹೊಗಳಿದ್ರು." ಮುಂದಿನ ಹಲ್ಲು ಸೊಟ್ಟಗಾದದ್ದೇ ಹಿಂದೆ ದವಡೆಯಲ್ಲಿ ಏನೋ ಕೆಟ್ಟಿದೆ ಎಂಬ ಸೂಚನೆಯಾಗಿತ್ತು. ಅಜ್ಜ ಆ ಸೂಚನೆಯನ್ನೇ ಚೆಂದವಾಗಿ ಉಜ್ಜಿ ಅಳಿಸಿಬಿಟ್ಟಿದ್ದರು. ಹುಲ್ಲು ಬಾಯಿಂದ ಬೀಳತೊಡಗಿದಾಗ ಪಾಪ ಎಂದು ಹಣ್ಣು ತುರಿದು ಕೊಟ್ಟರು. ಇಂಥ ತಪ್ಪು ಮಾಡಲು ಒಳ್ಳೆಯ ಕಸುಬುದಾರನೇ ಬೇಕು. ನಮ್ಮಂಥವರ ಕೈಯಲ್ಲಿ ಆಗುವ ಮಾತಲ್ಲ.

ಮೊಲದಕ್ಕ ಬೈಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಅಜ್ಜ ಗೂಡಿಗೆ ಮೂಗು ತಾಗಿಸಿ ಕೂತು, "ಒಂದೇ ಒಂದು ಎಳೆ ತಿನ್ನಪ್ಪಾ, ನನ್ನ ದೊರೆ" ಎಂದು ಗೋಗರೆಯುತ್ತಾರೆ. ನಾನೂ ಪೆನ್ನು ಹಿಡಿದು ಇನ್ನೊಂದು ಕಡೆಯಿಂದ ಇಣುಕುತ್ತೇನೆ. ದೊರೆ ಮೂಲೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ ಮೊಲದಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

"ಅಜ್ಜ, ನಿಮ್ಮನ್ನ ಯಾರಾದ್ರೂ ಹೀಗೆ ಕಣ್ಣು ಬಿಟ್ಕೊಂಡು ನೋಡ್ತಾ ಕೂತ್ರೆ ನಿಮಗೆ ತುತ್ತು ಇಳಿಯುತ್ತಾ? ಇದು ಮೊಲ. ನೆಟ್ಟ ಕಣ್ಣು ಅಂದ್ರೆ ಇದಕ್ಕೆ ನರಿ, ಹದ್ದು. ಸಾರ್, ನೀವೂ ಅಷ್ಟೇ, ಈ ಕಡೆ ಬನ್ನಿ." ಆಮೇಲೆ ದನಿ ಇಳಿಸಿ ಕೇಳುತ್ತಾರೆ, "ಮನೇಲಿ ಇವನು ಎಲ್ಲಿ ಕೂತು ತಿಂತಾನೆ?"

"ನನ್ನ ಕೆಲಸದ ಮೇಜಿನ ಕೆಳಗೆ. ಮನೆ ತುಂಬ ಜನ ಇದ್ದಾರೆ, ಅರದ ಆ ಗರಗರ ಸದ್ದಿಗೆ ಒಬ್ಬರೂ ಒಳಗೆ ಬರಲ್ಲ. ಇವನೊಬ್ಬನೇ ಬರೋದು."

"ಆಗ ನೀವು ಏನ್ ಮಾಡ್ತಿರ್ತೀರಿ?"

"ಹಲ್ಲುಸೆಟ್ ಉಜ್ತಿರ್ತೀನಿ. ಇನ್ನೇನು ಮಾಡ್ಲಿ?"

"ಹಂಗಾದ್ರೆ ಹೋಗಿ, ಅದನ್ನ ತಗೊಂಡು ಬನ್ನಿ."

ಅಜ್ಜನಿಗೆ ಅರ್ಥವಾಗುವುದಿಲ್ಲ. ನನಗೂ ಇಲ್ಲ. ಡಾಕ್ಟರಮ್ಮ ಮಾತ್ರ ಕೈ ಒರೆಸುತ್ತ, "ಅಕ್ಕ ಹೇಳಿದ ಹಾಗೆ ಮಾಡಿ ಅಜ್ಜ, ನನಗಿದು ಹೊಳೀಲಿಲ್ಲ" ಎನ್ನುತ್ತಾರೆ.

ಬಿಸಿಲು ಇಳಿಯುವ ಹೊತ್ತಿಗೆ ಅಜ್ಜ ಚೀಲ ಹಿಡಿದು ವಾಪಸ್ಸಾಗುತ್ತಾರೆ. ಅರ್ಧ ಮುಗಿದ ಹಲ್ಲುಸೆಟ್, ಸಣ್ಣ ಅರ, ಹಳೆಯ ಬಟ್ಟೆ. ಮೊಲದಕ್ಕ ಸ್ಟೂಲುಗಳನ್ನು ಗೂಡಿಗೆ ಬೆನ್ನು ಬರುವಂತೆ ಇಡುತ್ತಾರೆ. ಗೂಡಿನಲ್ಲಿ ಹೊಸ ಒಣಹುಲ್ಲು ತುಂಬಿ, ಬಾಗಿಲು ತೆರೆದಿಟ್ಟು, ಅಜ್ಜನ ಪಕ್ಕ ಕೂರುತ್ತಾರೆ. ನಾನು ಇನ್ನೊಂದು ಪಕ್ಕ. ಮೂವರೂ ಗೋಡೆ ನೋಡುತ್ತಿದ್ದೇವೆ. ಅಜ್ಜ ಉಜ್ಜುತ್ತಾರೆ. ಮೊದಮೊದಲು ಕೈ ತಡವರಿಸುತ್ತದೆ, ಆಮೇಲೆ ಕಸುಬು ಕೈಯನ್ನು ಹಿಡಿದುಕೊಳ್ಳುತ್ತದೆ. ಗರ, ಗರ, ಗರ.

ಬೆನ್ನ ಹಿಂದೆ ಯಾವ ಸದ್ದೂ ಇಲ್ಲ. ಕಿಟಕಿಯ ಬೆಳಕು ಹಳದಿಯಾಗುತ್ತದೆ. ಡಾಕ್ಟರಮ್ಮ ದಿನದ ಕೆಲಸ ಮುಗಿಸಿ ಬರುತ್ತಾರೆ. ಅವರು ಬಂದದ್ದು ಯಾಕೆಂದು ಎಲ್ಲರಿಗೂ ಗೊತ್ತು. ನಮ್ಮ ಬೆನ್ನುಗಳನ್ನು ನೋಡಿ, ಉಳಿದ ಸ್ಟೂಲು ಎಳೆದುಕೊಂಡು ತಾವೂ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ನನಗೆ ತಿರುಗಿ ನೋಡಬೇಕೆಂಬ ಆಸೆ ಎಷ್ಟಿದೆ ಎಂದರೆ ಕತ್ತು ನೋಯುತ್ತಿದೆ. ಮೊಲದಕ್ಕ ಮೂಗಿನ ಕೆಳಗೆ ಬೆರಳೊತ್ತಿ ಸೀನು ತಡೆದಿದ್ದಾರೆ, ಕಣ್ಣಲ್ಲಿ ನೀರು ತುಂಬಿದೆ.

ಹುಲ್ಲು ಸರಿದ ಸದ್ದು. ಒಂದು ಎಳೆ ಎಳೆದಂತೆ. ಮತ್ತೆ ಅರದ ಸದ್ದೊಂದೇ. ಎಳೆದು ಬೀಳಿಸಿತೇನೋ. ಅಷ್ಟರಲ್ಲಿ ಬೆನ್ನ ಹಿಂದೆ ಸಣ್ಣಗೆ, ಬಿಡದೆ, ಒಂದೇ ಸಮನೆ ಅರೆಯುವ ಸದ್ದು ಶುರುವಾಗುತ್ತದೆ. ಅಜ್ಜನ ಕೈ ನಿಲ್ಲುತ್ತದೆ.

"ನಿಲ್ಲಿಸ್ಬೇಡಿ ಅಜ್ಜ, ಉಜ್ಜಿ."

ಅಜ್ಜ ಉಜ್ಜುತ್ತಾರೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ. "ತಿಂತಿದ್ದಾನೇನಮ್ಮಾ?"

"ತಿಂತಿದ್ದಾನೆ."

"ಒಂದು ಸಲ ನೋಡ್ಲಾ?"

"ನಾನೇ ನೋಡಿಲ್ಲ ಅಜ್ಜ. ಎಷ್ಟೋ ಮೊಲ ಇಲ್ಲಿಂದ ಬದುಕಿ ಮನೆಗೆ ಹೋದವು. ಒಂದರದ್ದೂ ಮೊದಲ ತುತ್ತು ನಾನು ಕಣ್ಣಾರೆ ಕಂಡಿಲ್ಲ. ಕಿವಿ ತುಂಬ ಕೇಳಿದ್ದೀನಿ. ನೀವು ಉಜ್ಜಿ."