ಕಂಪ್ಯೂಟರಿನಲ್ಲೂ ಓಡಿದ ಗೆಳೆಯ

"ಇದ್ರಲ್ಲಿ ಡ್ರಮ್ಸ್ ಬಾರಿಸಿದ್ದು ಯಾರೋ?" ಎಂದು ಮನೆಗೆ ಬಂದಿದ್ದ ರಮೇಶ ನನ್ನ ಹೊಸ ಹಾಡು ಆಲಿಸುತ್ತ ಕೇಳಿದ. ಬಾರಿಸಿದ್ದು ನನ್ನ ಕಂಪ್ಯೂಟರ್. ನಮ್ಮದೇ ಹಾಡು ಕಟ್ಟುತ್ತಿದ್ದ ಮೂವರ ರಾಕ್ ಬ್ಯಾಂಡಿನಲ್ಲಿ ನಾನು ಗಿಟಾರ್, ಅವನು ಡ್ರಮ್ಸ್. ಬ್ಯಾಂಡ್ ನಿಂತ ಮೇಲೆ ಅವನು ಸೊರಬದಲ್ಲಿ ಅಂಗಡಿ ಇಟ್ಟ. ನಾನು ಶಿಕಾರಿಪುರದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಗೀತ ಮಾಡತೊಡಗಿದೆ.

ನಿಜ ಹೇಳಿದೆ. ಸಿಟ್ಟಾಗುತ್ತಾನೆ ಎಂದುಕೊಂಡರೆ, ಅವನು ಹಾಡನ್ನು ಮತ್ತೆ ಹಾಕಿಸಿ ತೊಡೆಯ ಮೇಲೆ ತಾಳ ಹಾಕಿದ. ಪಲ್ಲವಿ ಮರಳಿ ಬರುವಲ್ಲಿ ಅವನ ಬೆರಳು ಹಾಡಿಗಿಂತ ಮುಂದೆ ಓಡಿದವು. ಬ್ಯಾಂಡಿನಲ್ಲಿದ್ದಾಗಲೂ ಅಷ್ಟೇ. ಅಲ್ಲಿಗೆ ಬಂದರೆ ಅವನು ಓಡುತ್ತಿದ್ದ, ನಾವಿಬ್ಬರು ಬೈಯುತ್ತಲೇ ಹಿಂದೆ ಓಡುತ್ತಿದ್ದೆವು.

"ಎಂತ ಮಾರಾಯ, ಇದು ಓಡೋದೇ ಇಲ್ವಲ್ಲ! ಸರಿ ಆಚೆ," ಎಂದು ನನ್ನ ಕುರ್ಚಿಯಲ್ಲಿ ಕೂತ.

ಕಂಪ್ಯೂಟರಿಗೆ ಜೋಡಿಸಿದ್ದ ಹಾರ್ಮೋನಿಯಂನಂಥ ಕೀಬೋರ್ಡಿನಲ್ಲಿ ಯಾವ ಕೀ ಒತ್ತಿದರೆ ಯಾವ ಡ್ರಮ್ಮು ಎಂದು ತೋರಿಸಿದೆ. ಎರಡು ತೋರುಬೆರಳಲ್ಲೇ ಕುಟ್ಟಿದ. ಆ ಜಾಗದಲ್ಲಿ ಮತ್ತೆ ಓಡಿದ. ಕಂಪ್ಯೂಟರ್ ಅದನ್ನು ಹಾಗೆಯೇ ದಾಖಲಿಸಿಕೊಂಡಿತು. ತಾಳ ತಪ್ಪಿದ್ದನ್ನು ನೆಟ್ಟಗೆ ಮಾಡುವ ಸೌಲಭ್ಯ ಅದರಲ್ಲಿತ್ತು. ನಾನು ಅದರ ತಂಟೆಗೆ ಹೋಗಲಿಲ್ಲ.

ಅವನನ್ನು ಸೊರಬದ ಬಸ್ಸು ಹತ್ತಿಸಿ ಬಂದು, ಆ ತಾಳಕ್ಕೆ ಗಿಟಾರ್ ನುಡಿಸಲು ಕೂತೆ. ಕಂಪ್ಯೂಟರ್ ತಂದಾಗಿನಿಂದ ಗೆಳೆಯರನ್ನು ಬಿಟ್ಟುಹೋದಂತೆ ಎದೆಯ ಮೇಲೆ ಒಂದು ಭಾರವಿತ್ತು. ಪಲ್ಲವಿ ಬಂತು, ಅವನು ಓಡಿದ, ನನ್ನ ಬಾಯಿಂದ ಹಳೆಯ ಬೈಗುಳವೇ ಹೊರಟಿತು. ಎದೆ ಹಗುರಾಯಿತು.