ರೊಪ್ಪದಲ್ಲಿ ಆಡಬಾರದ ಮಾತು

ಕಡರನಾಯಕನಹಳ್ಳಿಯ ಅಂಜಿನವ್ವ ಕುರಿ ಮಾರುವಾಗಲೂ ಅದರ ಕುಂಟು, ಕೆಮ್ಮು ಮುಚ್ಚಿಟ್ಟವಳಲ್ಲ. ಕೊಳ್ಳಲು ಬರುವ ಬುಡನ್ ಸಾಬ್ ಅವಳ ಮಾತಿನ ಮೇಲೆಯೇ ವ್ಯಾಪಾರ ಮುಗಿಸುತ್ತಿದ್ದ, ಕುರಿಯ ಹಲ್ಲು ಹಿಡಿದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಅಂಥವಳನ್ನು ದಾವಣಗೆರೆಯ ಕಚೇರಿಯೊಂದರಲ್ಲಿ, ಫ್ಯಾನಿನ ಕೆಳಗೆ ಕೂತ ನಾಗಭೂಷಣ್ ಎಂಬ ಸಂಶೋಧಕ ಸುಳ್ಳುಗಾರ್ತಿ ಮಾಡಿಬಿಟ್ಟ.

ಹಿಂದಿನ ವರ್ಷ ಅವನೇ ತಂಡ ಕಟ್ಟಿಕೊಂಡು ಬಂದಿದ್ದ. ಅವಳಿ ಮರಿ ಹಾಕುವ, ಹಾಲು ಹೆಚ್ಚು ಕೊಡುವ ವಂಶವಾಹಿ ಯಾವ ಕುರಿಗಳಲ್ಲಿದೆ ಎಂದು ನಕ್ಷೆ ಮಾಡುತ್ತೇವೆ ಎಂದು ಹೇಳಿ ಕುರಿ, ಮರಿಗಳ ರಕ್ತ ತೆಗೆದ. ಕುರಿ ಕೂಡುವ ರೊಪ್ಪದ ನಡುವೆಯೇ ನಿಂತು, ಒಂದು ಟಗರುಮರಿಯ ತಾಯಿ ಯಾವುದೆಂದು ಕೇಳಿದ. ಅಂಜಿನವ್ವ ಅದಕ್ಕೆ ಹಾಲೂಡಿಸುತ್ತಿದ್ದ ಕರಿಕುರಿಯನ್ನು ತೋರಿಸಿದಳು.

ಆ ಮರಿಯನ್ನು ಹೆತ್ತ ಕುರಿ ಬೇರೆ, ಅದು ಮರಿ ಹಾಕಿದ ದಿನವೇ ಸತ್ತಿತ್ತು. ಆಗಲೇ ಕರಿಕುರಿಯ ಮರಿಯೂ ಸತ್ತಿತ್ತು. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಹೊದಿಸಿದರೆ, ಕುರಿ ವಾಸನೆ ಹಿಡಿದು ತನ್ನದೇ ಮರಿಯೆಂದು ಹಾಲು ಕೊಡುತ್ತದೆ. ಹಾಗೆ ಕೂಡಿಸಿದ ಮೇಲೆ ರೊಪ್ಪದೊಳಗೆ ಅದು ಬೇರೆಯದರ ಮರಿ ಎಂದು ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಕುರಿ ಮರಿಯನ್ನು ಒದ್ದು ದೂರ ಮಾಡುತ್ತದೆ ಎಂಬುದು ಅವರ ಮನೆಯ ನಂಬಿಕೆ. ಹೊರಗೆ ಬಂದಾದರೂ ಹೇಳಬೇಕಿತ್ತು, ಅದು ಅವಳ ತಪ್ಪೇ. ಅಷ್ಟರಲ್ಲಿ ಬಂದವರು ಜೀಪು ಹತ್ತಿದ್ದರು.

ಫಲಿತಾಂಶ ಕೇಳಲು ಈ ವರ್ಷ ಗಂಡ ಹೆಂಡತಿ ಕಚೇರಿಗೆ ಹೋದಾಗ, "ತಾಯಿ ಮರಿ ರಕ್ತ ಮ್ಯಾಚ್ ಆಗಲ್ಲಮ್ಮ. ನಿಮ್ಮ ಹಿಂಡು ಕೈಬಿಟ್ಟಿದೀವಿ. ಸುಳ್ಳು ಮಾಹಿತಿ ಕೊಟ್ಟಿದಾರೆ ಅಂತ ಕಂಪ್ಯೂಟರ್‌ನಲ್ಲಿ ಹಾಕಾಗಿದೆ" ಎಂದ ನಾಗಭೂಷಣ್. ಅಂಜಿನವ್ವ ನಡೆದದ್ದೆಲ್ಲ ಹೇಳಿದಳು. ಅವನು ನಕ್ಕು, "ಈಗ ಕಥೆ ಕಟ್ಟಬೇಡಿ" ಎಂದು ಅವಳ ಗಂಡ ಲಿಂಗಣ್ಣನ ಕಡೆ ತಿರುಗಿದ. ಚರ್ಮ ಸುಲಿದ ಕೈ ಲಿಂಗಣ್ಣನದೇ.

"ಮರಿ ವಿಷ್ಯ ಎಲ್ಲ ಅವ್ಳೇ ನೋಡಾದು ಸಾರ್. ನಂಗೇನ್ ಗೊತ್ತು" ಎಂದುಬಿಟ್ಟ ಪುಣ್ಯಾತ್ಮ.

ಊರಿಗೆ ಮರಳುವ ಹರಿಹರದ ಬಸ್ಸಿನಲ್ಲಿ ಅವನೇ ಸಮಾಧಾನಕ್ಕೆ ಶುರು ಮಾಡಿದ. "ಹೋಗ್ಲಿ ಬಿಡು, ಆಫೀಸರ್ ಜತಿಗೆ ನಮಗ್ಯಾಕ ಜಗಳ."

ಅಂಜಿನವ್ವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಕಳ್ಳಿ ಹಂಗೆ ನಿಲ್ಸಿದಾಗ ಬಾಯಿಗೆ ಏನ್ ಬಡ್ದಿತ್ತು ನಿಮಗೆ? ಏಳ್ರಿ ಮೇಲೆ." ದೊಡ್ಡಬಾತಿಯಲ್ಲಿ ಬಸ್ಸು ನಿಲ್ಲಿಸಿ, ಗಂಡನ ರಟ್ಟೆ ಹಿಡಿದು ಇಳಿಸಿ, ದಾವಣಗೆರೆಯ ಬಸ್ಸು ಹತ್ತಿಸಿದಳು.

ಮತ್ತೆ ಅದೇ ಕಚೇರಿಯಲ್ಲಿ ಲಿಂಗಣ್ಣ ತಲೆ ತಗ್ಗಿಸಿ ಒಪ್ಪಿಕೊಂಡ. "ಚರ್ಮ ಸುಲಿದಿದ್ದು ನಾನೇ ಸಾರ್. ಆಕಿ ಹೇಳಿದ್ದು ಖರೆ."

"ಆಯ್ತು. ಆದ್ರೂ ಹೆತ್ತ ಕುರಿ ರಕ್ತ ಇಲ್ದೆ ಆ ಟಗರು ನಕ್ಷೆಗೆ ಬರಲ್ಲ" ಎಂದ ನಾಗಭೂಷಣ್.

"ಟಗರು ಹೋಗ್ಲಿ ಬಿಡ್ರಿ. ಸುಳ್ಳು ಅಂತ ಹಾಕೀರಲ್ಲ, ಅದನ್ನ ನನ್ನ ಮುಂದೆ ಅಳಿಸ್ರಿ." ಅಂಜಿನವ್ವ ಕುರ್ಚಿ ಎಳೆದುಕೊಂಡು ಕೂತಳು.

ಅವನು ಲೊಚಗುಟ್ಟುತ್ತ ಅಳಿಸಿದ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಅಂಜಿನವ್ವ ಅದಕ್ಕೂ ಕಾಯುತ್ತ ಕೂತೇ ಇದ್ದಳು.